ಬ್ಲೂಸ್ ಬೇರಿನ ರಾಕ್ ಬ್ಯಾಂಡಿನ ಎರಡನೇ ಆಲ್ಬಮ್ಮನ್ನು ಕೇಳುವ ಕ್ರಮ

ಬ್ಲೂಸ್ ಸಂಗೀತದಲ್ಲಿ ಬೇರುಬಿಟ್ಟ ರಾಕ್ ಬ್ಯಾಂಡೊಂದರ ಮೊದಲ ಆಲ್ಬಂ ಬಹುಮಟ್ಟಿಗೆ ಆ ಬ್ಯಾಂಡ್ ಸಣ್ಣಪುಟ್ಟ ವೇದಿಕೆಗಳಲ್ಲಿ ನುಡಿಸಿ ನುಡಿಸಿ ಹದಮಾಡಿಕೊಂಡ ಹಾಡುಗಳ ದಾಖಲೆಯಾಗಿರುತ್ತದೆ. ಹಿರಿಯ ಬ್ಲೂಸ್ ಗಾಯಕರ ಕೆಲವು ಹಾಡುಗಳು, ಅವುಗಳ ಅಚ್ಚಿನಲ್ಲೇ ಎರಕ ಹೊಯ್ದ ಒಂದಷ್ಟು ಸ್ವಂತ ರಚನೆಗಳು, ನಡುವೆ ಗಿಟಾರ್ ವಾದಕನ ಕೈಚಳಕಕ್ಕೆ ಒಂದೆರಡು ಅವಕಾಶಗಳು ಸೇರಿದರೆ ಆಲ್ಬಂ ತುಂಬುತ್ತದೆ. ಎರಡನೆಯದನ್ನು ಮಾಡುವ ಹೊತ್ತಿಗೆ ಮನೆಯಿಂದ ಕಟ್ಟಿಕೊಂಡು ಬಂದ ಬುತ್ತಿ ಮುಗಿದಿರುತ್ತದೆ. ಆಗ ಬ್ಯಾಂಡ್ ಅದೇ ಹಿರಿಯರ ಬಳಿಗೆ ಮತ್ತೆ ಹೋಗುತ್ತದೆಯೇ, ಹೋದರೆ ಅಲ್ಲಿಂದ ತಂದದ್ದನ್ನು ಏನು ಮಾಡುತ್ತದೆ ಎಂಬುದು ಎರಡನೇ ಆಲ್ಬಮ್ಮಿನಲ್ಲಿ ಗೊತ್ತಾಗುತ್ತದೆ. ‘ಮೊದಲನೆಯದಕ್ಕಿಂತ ಚೆನ್ನಾಗಿದೆಯೇ’ ಎಂಬ ವಾಡಿಕೆಯ ಪ್ರಶ್ನೆಗಿಂತ ‘ಎರವಲು ತಂದದ್ದು ಎಷ್ಟರಮಟ್ಟಿಗೆ ಸ್ವಂತವಾಗಿದೆ’ ಎಂಬ ಪ್ರಶ್ನೆಯನ್ನು ಇಟ್ಟುಕೊಂಡು ಕೇಳಿದರೆ ಇಂಥ ಆಲ್ಬಮ್ಮುಗಳು ಹೆಚ್ಚು ತೆರೆದುಕೊಳ್ಳುತ್ತವೆ ಎಂಬುದು ನನ್ನ ಅಭಿಪ್ರಾಯ. ಹಾಗೆ ಕೇಳುವ ಒಂದು ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ. ಮುಖ್ಯ ಉದಾಹರಣೆಯಾಗಿ ಬ್ರಿಟನ್ನಿನ ಲೆಡ್ ಜೆಪ್ಲಿನ್ ಬ್ಯಾಂಡಿನ ಮೊದಲೆರಡು ಆಲ್ಬಮ್ಮುಗಳನ್ನು ತೆಗೆದುಕೊಂಡಿದ್ದೇನೆ. ಎರಡೂ 1969ರಲ್ಲೇ ಬಿಡುಗಡೆಯಾದವು, ಸುಲಭವಾಗಿ ಸಿಗುತ್ತವೆ, ಮತ್ತು ಎರವಲಿನ ಲೆಕ್ಕ ಇವುಗಳಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆ ಕಡೆ ಕಾಣುವುದು ಅಪರೂಪ.

ಸಿದ್ಧತೆ

ಬೇಕಾದ ಸಾಮಗ್ರಿ ಹೆಚ್ಚಿಲ್ಲ. ಬ್ಯಾಂಡಿನ ಮೊದಲ ಆಲ್ಬಂ, ಎರಡನೇ ಆಲ್ಬಂ, ಅವುಗಳ ಹಿಂದಿರುವ ಮೂರು ನಾಲ್ಕು ಮೂಲ ಬ್ಲೂಸ್ ಹಾಡುಗಳು, ಎಡ ಬಲ ಕಿವಿಗಳಿಗೆ ಬೇರೆ ಬೇರೆ ಧ್ವನಿಯನ್ನು ಸರಿಯಾಗಿ ಮುಟ್ಟಿಸುವ ಹೆಡ್‌ಫೋನ್, ಒಂದು ಹಾಳೆ, ಒಂದು ಪೆನ್ನು ಇದ್ದರೆ ಸಾಕು. ಆಪ್‌ನಲ್ಲಿ ಕೇಳುವವರು ಹಾಡುಗಳನ್ನು ಹಿಂದುಮುಂದಾಗಿಸುವ ಷಫಲ್ ಸೌಲಭ್ಯವನ್ನು ಮೊದಲು ನಿಲ್ಲಿಸಬೇಕು. ಮರುಮುದ್ರಣದ ಆವೃತ್ತಿಗಳಲ್ಲಿ ಕೊನೆಗೆ ಸೇರಿಸಿರುವ ಹೆಚ್ಚುವರಿ ಹಾಡುಗಳನ್ನೂ ಕಚ್ಚಾ ಪ್ರತಿಗಳನ್ನೂ ಸದ್ಯಕ್ಕೆ ಬದಿಗಿಡಬೇಕು. ಅವು ಇತಿಹಾಸಕಾರರಿಗೆ ಉಪಯುಕ್ತವಾದರೂ ಬ್ಯಾಂಡ್ ಉದ್ದೇಶಪಟ್ಟು ಕಟ್ಟಿದ ಅನುಕ್ರಮವನ್ನು ಕದಡುತ್ತವೆ. ಆ ಕಾಲದ ಆಲ್ಬಮ್ಮುಗಳು ಎಲ್‌ಪಿ ತಟ್ಟೆಯ ಎರಡು ಬದಿಗಳಿಗೆಂದು ಜೋಡಿಸಲ್ಪಟ್ಟವು. ಆದ್ದರಿಂದ ಮೊದಲ ಬದಿ ಎಲ್ಲಿ ಮುಗಿಯುತ್ತದೆಂದು ತಿಳಿದುಕೊಂಡು ಅಲ್ಲಿ ಒಂದೆರಡು ನಿಮಿಷ ನಿಲ್ಲಿಸಿ ಮುಂದುವರಿಯುವುದು ಒಳ್ಳೆಯದು. ಲೆಡ್ ಜೆಪ್ಲಿನ್‌ನ ಎರಡನೇ ಆಲ್ಬಮ್ಮಿನಲ್ಲಿ ಮೊದಲ ಬದಿ ‘ಥ್ಯಾಂಕ್ ಯೂ’ ಎಂಬ ಸೌಮ್ಯ ಹಾಡಿನಿಂದ ಮುಗಿದು, ಎರಡನೆಯದು ‘ಹಾರ್ಟ್‌ಬ್ರೇಕರ್’ನ ಒರಟು ರಿಫ್‌ನಿಂದ, ಅಂದರೆ ಮರಳಿ ಮರಳಿ ಬರುವ ಚಿಕ್ಕ ಸ್ವರಪಂಕ್ತಿಯಿಂದ, ಶುರುವಾಗುತ್ತದೆ. ಈ ಎರಡರ ನಡುವೆ ಬಿಡುವೇ ಇಲ್ಲದಿದ್ದರೆ ಎರಡೂ ಹಾಡುಗಳಿಗೆ ನಷ್ಟ.

ಯಾವ ಮುದ್ರಣವನ್ನು ಕೇಳುತ್ತಿದ್ದೇವೆ ಎಂಬುದನ್ನೂ ಗಮನಿಸಿಕೊಳ್ಳಬೇಕು. ಇದೇ ಆಲ್ಬಮ್ಮಿನ ಮೊಟ್ಟಮೊದಲ ಅಮೆರಿಕನ್ ಎಲ್‌ಪಿಗಳನ್ನು ಬಾಬ್ ಲುಡ್ವಿಗ್ ಎಂಬ ಮಾಸ್ಟರಿಂಗ್ ತಂತ್ರಜ್ಞರು ಎಷ್ಟು ಬಿರುಸಾಗಿ ಕೊರೆದಿದ್ದರೆಂದರೆ, ಅಗ್ಗದ ಪ್ಲೇಯರ್‌ಗಳ ಮುಳ್ಳು ಗೆರೆಯಿಂದ ಹಾರಿಹೋಗುತ್ತಿತ್ತು. ಹಾಗಾಗಿ ಮುಂದಿನ ಮುದ್ರಣಗಳಲ್ಲಿ ಬಿರುಸನ್ನು ತಗ್ಗಿಸಲಾಯಿತು. ಸಂಗ್ರಾಹಕರು ಇಂದಿಗೂ ಆ ಮೊದಲ ಮುದ್ರಣವನ್ನು ಹುಡುಕುತ್ತಾರೆ. ಸಾಮಾನ್ಯ ಕೇಳುಗರಿಗೆ ಅಷ್ಟು ಶ್ರಮ ಬೇಕಿಲ್ಲ, ಆದರೆ ‘ಡ್ರಮ್ಸ್ ಧ್ವನಿ ತೆಳುವಾಗಿದೆ’ ಎಂದು ಬರೆಯುವ ಮುನ್ನ ತಪ್ಪು ಬ್ಯಾಂಡಿನದೋ ಮುದ್ರಣದ್ದೋ ಎಂದು ಯೋಚಿಸುವುದು ನ್ಯಾಯ.

ಹನ್ನೆರಡು ಬಾರ್‌ಗಳನ್ನು ಎಣಿಸಲು ಕಲಿಯುವುದು

ಬ್ಲೂಸ್‌ನ ಚೌಕಟ್ಟನ್ನು ಗುರುತಿಸಲು ಬಾರದಿದ್ದರೆ ಬ್ಯಾಂಡ್ ಅದನ್ನು ಎಲ್ಲಿ ಮುರಿಯಿತು ಎಂಬುದು ತಿಳಿಯುವುದಿಲ್ಲ. ಅತ್ಯಂತ ಪ್ರಚಲಿತವಾದ ಚೌಕಟ್ಟಿನಲ್ಲಿ ಹನ್ನೆರಡು ಬಾರ್‌ಗಳಿರುತ್ತವೆ, ಒಂದೊಂದು ಬಾರ್‌ಗೂ ನಾಲ್ಕು ಎಣಿಕೆ. ನಮಗೆ ಪರಿಚಿತವಾದ ಸ್ವರನಾಮಗಳಲ್ಲಿ ಹೇಳುವುದಾದರೆ, ಮೊದಲ ನಾಲ್ಕು ಬಾರ್‌ಗಳಲ್ಲಿ ಹಿನ್ನೆಲೆಯ ಸ್ವರಗುಚ್ಛ, ಅಂದರೆ ಕಾರ್ಡ್, ಷಡ್ಜದ ಮೇಲೆ ನಿಂತಿರುತ್ತದೆ. ಮುಂದಿನ ಎರಡು ಬಾರ್ ಶುದ್ಧ ಮಧ್ಯಮಕ್ಕೆ ಸರಿಯುತ್ತದೆ, ಮತ್ತೆರಡು ಬಾರ್ ಷಡ್ಜಕ್ಕೆ ಮರಳುತ್ತದೆ. ಒಂಬತ್ತನೇ ಬಾರ್‌ನಲ್ಲಿ ಪಂಚಮಕ್ಕೆ ಏರಿ, ಹತ್ತನೆಯದರಲ್ಲಿ ಮಧ್ಯಮಕ್ಕೆ ಇಳಿದು, ಕೊನೆಯ ಎರಡರಲ್ಲಿ ಷಡ್ಜಕ್ಕೆ ಬಂದು ಮುಂದಿನ ಸುತ್ತಿಗೆ ಅಣಿಯಾಗುತ್ತದೆ. ಸಾಹಿತ್ಯವೂ ಇದೇ ಲೆಕ್ಕದಲ್ಲಿ ಹೋಗುತ್ತದೆ: ಗಾಯಕರು ಒಂದು ಸಾಲನ್ನು ಹಾಡಿ, ಅದನ್ನೇ ಮತ್ತೊಮ್ಮೆ ಹಾಡಿ, ಮೂರನೇ ಸಾಲಿನಲ್ಲಿ ಅದಕ್ಕೆ ಉತ್ತರ ಕೊಡುತ್ತಾರೆ. ಪ್ರತಿ ಸಾಲಿನ ಕೊನೆಗೆ ಉಳಿಯುವ ಜಾಗದಲ್ಲಿ ಗಿಟಾರ್ ಅಥವಾ ಹಾರ್ಮೋನಿಕಾ ಮಾರುತ್ತರ ನೀಡುತ್ತದೆ.

ಇದನ್ನು ಅಭ್ಯಾಸ ಮಾಡಲು ಲೆಡ್ ಜೆಪ್ಲಿನ್‌ನ ಮೊದಲ ಆಲ್ಬಮ್ಮಿನ ‘ಐ ಕಾಂಟ್ ಕ್ವಿಟ್ ಯೂ ಬೇಬಿ’ ತಕ್ಕ ಹಾಡು. ಷಿಕಾಗೊದ ಬ್ಲೂಸ್ ರಚನಕಾರ ವಿಲ್ಲಿ ಡಿಕ್ಸನ್ ರಚಿಸಿ, 1956ರಲ್ಲಿ ಓಟಿಸ್ ರಷ್ ಮೊದಲು ಹಾಡಿದ ಈ ರಚನೆಯ ಗತಿ ಎಷ್ಟು ವಿಳಂಬವೆಂದರೆ ಬಾರ್‌ಗಳನ್ನು ಬೆರಳು ಮಡಿಸಿ ಎಣಿಸಬಹುದು. ಎರಡು ಮೂರು ಸುತ್ತು ಎಣಿಸಿದ ಮೇಲೆ ಪಂಚಮಕ್ಕೆ ಏರುವ ಕ್ಷಣ ಬರುವ ಮುನ್ನವೇ ಕಿವಿ ಅದನ್ನು ನಿರೀಕ್ಷಿಸತೊಡಗುತ್ತದೆ. ಆ ನಿರೀಕ್ಷೆ ಹುಟ್ಟಿದ ನಂತರವೇ ಮುಂದಿನ ಹಂತಕ್ಕೆ ಹೋಗಬೇಕು.

ಗಾಂಧಾರದ ಕಡೆಗೂ ಸ್ವಲ್ಪ ಗಮನ ಬೇಕು. ಬ್ಲೂಸ್ ಗಾಯಕರು ಸಾಧಾರಣ ಗಾಂಧಾರಕ್ಕೂ ಅಂತರ ಗಾಂಧಾರಕ್ಕೂ ನಡುವೆ ಎಲ್ಲೋ ಒಂದು ಕಡೆ ನಿಲ್ಲುತ್ತಾರೆ ಅಥವಾ ಒಂದರಿಂದ ಇನ್ನೊಂದಕ್ಕೆ ಜಾರುತ್ತಾರೆ. ಪಿಯಾನೊದ ಮನೆಗಳಲ್ಲಿ ಈ ಸ್ವರಸ್ಥಾನ ಇಲ್ಲ. ಗಿಟಾರಿನಲ್ಲಾದರೆ ತಂತಿಯನ್ನು ಪಕ್ಕಕ್ಕೆ ಎಳೆದೋ, ಗಾಜಿನ ಅಥವಾ ಲೋಹದ ಕೊಳವೆಯನ್ನು ತಂತಿಯ ಮೇಲೆ ಜಾರಿಸಿಯೋ ಅದನ್ನು ಹಿಡಿಯಬಹುದು. ಗಮಕಗಳನ್ನು ಕೇಳಿ ಬೆಳೆದ ಕಿವಿಗೆ ಇದು ಬಹುಬೇಗ ಸಿಕ್ಕುತ್ತದೆ. ಬ್ಯಾಂಡಿನ ಗಾಯಕ ಮತ್ತು ಗಿಟಾರ್ ವಾದಕ ಈ ಸೂಕ್ಷ್ಮವನ್ನು ಉಳಿಸಿಕೊಂಡಿದ್ದಾರೋ ಅಥವಾ ವೇಗ ಮತ್ತು ಗದ್ದಲದಲ್ಲಿ ಕಳೆದುಕೊಂಡಿದ್ದಾರೋ ಎಂದು ನೋಡುವುದು ಅವರನ್ನು ಅಳೆಯಲು ಒಳ್ಳೆಯ ಮಾರ್ಗ. ಸೋಲೊ, ಅಂದರೆ ಒಂದೇ ವಾದ್ಯ ಮುಂದೆ ನಿಂತು ನುಡಿಸುವ ಭಾಗ, ಎಷ್ಟು ಉದ್ದವಿದೆ ಎಂಬುದರಿಂದ ಏನೂ ತಿಳಿಯುವುದಿಲ್ಲ.

ಎಲ್ಲ ಬ್ಲೂಸ್ ಹನ್ನೆರಡು ಬಾರ್‌ಗಳದ್ದೆಂದು ಭಾವಿಸಬಾರದು. ಉತ್ತರ ಮಿಸಿಸಿಪಿಯ ಗುಡ್ಡಗಾಡು ಪ್ರದೇಶದ ಜೂನಿಯರ್ ಕಿಂಬ್ರೊ, ಆರ್.ಎಲ್. ಬರ್ನ್‌ಸೈಡ್ ಮುಂತಾದವರ ಶೈಲಿಯಲ್ಲಿ ಕಾರ್ಡ್ ಬದಲಾಗುವುದೇ ಕಡಿಮೆ. ಒಂದೇ ಆಧಾರದ ಮೇಲೆ ಒಂದೇ ರಿಫ್ ಸುತ್ತುತ್ತಾ ಹೋಗಿ, ಅದರ ಪುನರಾವರ್ತನೆಯಿಂದಲೇ ಒಂದು ಬಗೆಯ ಮಂಪರು ಕವಿಯುತ್ತದೆ. ಅಮೆರಿಕದ ಓಹಾಯೊ ರಾಜ್ಯದ ದ ಬ್ಲ್ಯಾಕ್ ಕೀಸ್ ಬ್ಯಾಂಡ್ ಈ ಪರಂಪರೆಯಿಂದ ಬಂದದ್ದು. ಅವರ ಆಲ್ಬಮ್ಮಿನಲ್ಲಿ ಪಂಚಮದ ಬಾರ್‌ಗಾಗಿ ಕಾಯುತ್ತಾ ಕುಳಿತರೆ ಹಾಡೇ ಮುಗಿದುಹೋಗುತ್ತದೆ.

ಮೊದಲ ಆಲ್ಬಂ ಮತ್ತು ಮೂಲ ಹಾಡುಗಳು

ಈಗ ಮೊದಲ ಆಲ್ಬಮ್ಮನ್ನು ಆದಿಯಿಂದ ಅಂತ್ಯದವರೆಗೆ ಒಮ್ಮೆ ಕೇಳಿ, ಹಾಳೆಯ ಎಡಭಾಗದಲ್ಲಿ ಪ್ರತಿ ಹಾಡಿನ ಹೆಸರು ಬರೆದು, ಅದರ ಮುಂದೆ ರಚನಕಾರರಾಗಿ ಯಾರ ಹೆಸರು ಅಚ್ಚಾಗಿದೆ ಎಂಬುದನ್ನು ದಾಖಲಿಸಬೇಕು. ಲೆಡ್ ಜೆಪ್ಲಿನ್‌ನ ಮೊದಲ ಆಲ್ಬಂ ಲಂಡನ್ನಿನ ಒಲಿಂಪಿಕ್ ಸ್ಟುಡಿಯೊದಲ್ಲಿ 1968ರ ಶರತ್ಕಾಲದಲ್ಲಿ, ಒಟ್ಟು ಸುಮಾರು 36 ಗಂಟೆಗಳ ಸ್ಟುಡಿಯೊ ಸಮಯದಲ್ಲಿ ಸಿದ್ಧವಾಗಿ, 1969ರ ಜನವರಿಯಲ್ಲಿ ಅಮೆರಿಕದಲ್ಲಿ ಬಿಡುಗಡೆಯಾಯಿತು. ಇದರಲ್ಲಿ ಡಿಕ್ಸನ್ ಅವರ ಎರಡು ಹಾಡುಗಳಿವೆ, ಎರಡಕ್ಕೂ ಅವರ ಹೆಸರನ್ನು ಕೊಡಲಾಗಿದೆ. ಗಾಯಕ ರಾಬರ್ಟ್ ಪ್ಲಾಂಟ್ ಅವರ ಹೆಸರು ಮಾತ್ರ ಯಾವ ಹಾಡಿನ ರಚನಕಾರರ ಪಟ್ಟಿಯಲ್ಲೂ ಇಲ್ಲ. ಬೇರೊಂದು ರೆಕಾರ್ಡ್ ಕಂಪನಿಯೊಂದಿಗೆ ಮೊದಲೇ ಇದ್ದ ಕರಾರು ಅದಕ್ಕೆ ಕಾರಣ. ಹೀಗಾಗಿ ಪ್ಲಾಂಟ್ ಬರೆಯುವವರಾಗಿ ಹೊರಬಂದದ್ದು ಎರಡನೇ ಆಲ್ಬಮ್ಮಿನಲ್ಲಿ ಎಂಬ ಒಂದು ಸಣ್ಣ ಸುಳಿವು ಈ ಪಟ್ಟಿಯಿಂದಲೇ ಸಿಗುತ್ತದೆ.

ಅನಂತರ ಮೂಲ ಹಾಡುಗಳಿಗೆ ಹೋಗಬೇಕು. ಇಲ್ಲಿ ಅತಿಯಾಸೆ ಬೇಡ. ಬ್ಲೂಸ್‌ನಲ್ಲಿ ಒಂದು ಹಾಡಿನ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು ಎಂದು ಕೊನೆಯಿಲ್ಲದೆ ಹಿಂದಕ್ಕೆ ಹೋಗಬಹುದಾದ್ದರಿಂದ, ಮೂಲವನ್ನು ಅಗೆಯುತ್ತಲೇ ಎರಡನೇ ಆಲ್ಬಂ ಮರೆತುಹೋಗುವ ಅಪಾಯವಿದೆ. ಲೆಡ್ ಜೆಪ್ಲಿನ್‌ಗಾಗಿ ನಾಲ್ಕು ಹಾಡುಗಳನ್ನು ಆರಿಸಿಕೊಳ್ಳಬಹುದು: ಮಡ್ಡಿ ವಾಟರ್ಸ್ 1962ರಲ್ಲಿ ಹಾಡಿದ ‘ಯೂ ನೀಡ್ ಲವ್’, ಹೌಲಿನ್ ವುಲ್ಫ್ 1964ರಲ್ಲಿ ಹಾಡಿದ ‘ಕಿಲ್ಲಿಂಗ್ ಫ್ಲೋರ್’, ಸನ್ನಿ ಬಾಯ್ ವಿಲಿಯಮ್ಸನ್ 1963ರಲ್ಲಿ ಹಾಡಿದ ‘ಬ್ರಿಂಗ್ ಇಟ್ ಆನ್ ಹೋಮ್’, ಮತ್ತು ರಾಬರ್ಟ್ ಜಾನ್ಸನ್ 1937ರಲ್ಲಿ ಧ್ವನಿಮುದ್ರಿಸಿದ ‘ಟ್ರಾವೆಲಿಂಗ್ ರಿವರ್‌ಸೈಡ್ ಬ್ಲೂಸ್’. ಕೊನೆಯದನ್ನು ಬಿಟ್ಟು ಉಳಿದವು ಷಿಕಾಗೊದ ಚೆಸ್ ಎಂಬ ರೆಕಾರ್ಡ್ ಕಂಪನಿಯ ವಲಯದವು, ಅವುಗಳಲ್ಲಿ ಎರಡು ಡಿಕ್ಸನ್ ಅವರವೇ. ಪ್ರತಿಯೊಂದನ್ನೂ ಎರಡು ಸಲ ಕೇಳಿ ಮೂರು ಸಂಗತಿಗಳನ್ನು ಬರೆದುಕೊಳ್ಳಬೇಕು: ಗತಿ ಎಂಥದು, ಗಾಯಕನ ಸಾಲಿಗೆ ಉತ್ತರ ಕೊಡುವ ವಾದ್ಯ ಯಾವುದು, ಮತ್ತು ಹಾಡಿನಲ್ಲಿ ಎಷ್ಟು ಜಾಗ ಖಾಲಿ ಬಿಟ್ಟಿದ್ದಾರೆ. ಮೂರನೆಯದು ಮುಖ್ಯ. ವಿಲಿಯಮ್ಸನ್ ಅವರ ಹಾರ್ಮೋನಿಕಾ ಮತ್ತು ಕಂಠ ಒಂದಕ್ಕೊಂದು ದಾರಿ ಬಿಟ್ಟುಕೊಡುತ್ತಾ ಸಾಗುವ ರೀತಿಯನ್ನು ಒಮ್ಮೆ ಮನಸ್ಸಿಟ್ಟು ಕೇಳಿದರೆ, ರಾಕ್ ಬ್ಯಾಂಡ್ ಆ ಖಾಲಿ ಜಾಗವನ್ನು ಏನೇನು ತುಂಬಿಸಿ ಮುಚ್ಚಿಬಿಟ್ಟಿತು ಎಂಬುದು ತಾನಾಗಿ ಕೇಳಿಸುತ್ತದೆ.

ಎರಡನೇ ಆಲ್ಬಂ: ಮೊದಲು ಸುಮ್ಮನೆ, ಆಮೇಲೆ ಪೆನ್ನು ಹಿಡಿದು

ಎರಡನೇ ಆಲ್ಬಮ್ಮನ್ನು ಮೊದಲ ಸಲ ಕೇಳುವಾಗ ಏನನ್ನೂ ಬರೆಯಬಾರದು. ಹೋಲಿಕೆ ಹುಡುಕುವ ಚಟ ಹತ್ತಿದ ಕಿವಿಗೆ ಸಂಗೀತ ದಕ್ಕುವುದಿಲ್ಲ. ಅದು ಕಳ್ಳತನದ ಪುರಾವೆ ಹುಡುಕುವ ತನಿಖೆಯಾಗಿಬಿಡುತ್ತದೆ. ಸುಮಾರು ನಲವತ್ತು ನಿಮಿಷದ ಈ ಆಲ್ಬಮ್ಮನ್ನು ಪೂರ್ತಿ ಕೇಳಿ, ಕೆಲವು ಗಂಟೆ ಬಿಟ್ಟು, ಎರಡನೇ ಸಲ ಹೆಡ್‌ಫೋನ್ ಹಾಕಿಕೊಂಡು ಪೆನ್ನು ಹಿಡಿಯಬೇಕು.

ಮೊದಲ ಹಾಡಾದ ‘ಹೋಲ್ ಲಾಟ್ಟಾ ಲವ್’ನಿಂದಲೇ ಕೆಲಸ ಶುರುವಾಗುತ್ತದೆ. ಜಿಮ್ಮಿ ಪೇಜ್ ಅವರ ಗಿಟಾರ್ ಒಂಟಿಯಾಗಿ ರಿಫ್ ನುಡಿಸುತ್ತದೆ, ಬೇಸ್ ಬಂದು ಸೇರುತ್ತದೆ, ಪ್ಲಾಂಟ್ ಹಾಡಲು ತೊಡಗುತ್ತಾರೆ, ಆದರೆ ಜಾನ್ ಬಾನಮ್ ಅವರ ಡ್ರಮ್ಸ್ ಪಲ್ಲವಿಯ ಹೊಸ್ತಿಲವರೆಗೂ ಕಾಯುತ್ತದೆ. ಸಾಹಿತ್ಯದ ಹಲವು ಸಾಲುಗಳು ಮಡ್ಡಿ ವಾಟರ್ಸ್ ಹಾಡಿನಲ್ಲಿ ಕೇಳಿದವೇ ಎಂಬುದು ತಕ್ಷಣ ಗೊತ್ತಾಗುತ್ತದೆ. ಪ್ಲಾಂಟ್ ಅವುಗಳನ್ನು ಹಾಡುವ ಧಾಟಿಗೆ ನಡುವಿನ ಕೊಂಡಿಯೂ ಒಂದಿದೆ: ಲಂಡನ್ನಿನ ಸ್ಮಾಲ್ ಫೇಸಸ್ ಬ್ಯಾಂಡ್ 1966ರಲ್ಲಿ ಅದೇ ಹಾಡನ್ನು ತನ್ನದೇ ರೀತಿಯಲ್ಲಿ ಧ್ವನಿಮುದ್ರಿಸಿತ್ತು. ಹಾಗಾದರೆ ಹೊಸದು ಯಾವುದು? ರಿಫ್ ಹೊಸದು. ವಾಟರ್ಸ್ ಅವರ ಮುದ್ರಣದಲ್ಲಿ ಗಿಟಾರ್ ವಾದಕ ಅರ್ಲ್ ಹೂಕರ್ ಬಳಗದ ವಾದ್ಯಗಳು ಗಾಯಕನ ಸುತ್ತ ಓಲಾಡುತ್ತಿದ್ದರೆ, ಇಲ್ಲಿ ರಿಫ್ ಒಂದೇ ಜಾಗದಲ್ಲಿ ಬೇರೂರಿ ನಿಂತು ಗಾಯಕನನ್ನೇ ತನ್ನ ಸುತ್ತ ತಿರುಗಿಸುತ್ತದೆ. ಮೂಲದಲ್ಲಿ ಕಂಠಕ್ಕಿದ್ದ ಅಧಿಕಾರ ಗಿಟಾರಿಗೆ ವರ್ಗವಾಗಿದೆ. ಬ್ಲೂಸ್ ಹಾಡೊಂದು ಹಾರ್ಡ್ ರಾಕ್ ಆಗುವಾಗ ನಡೆಯುವ ಮುಖ್ಯ ಬದಲಾವಣೆ ಇದೇ ಎಂದು ನನಗನ್ನಿಸುತ್ತದೆ, ಹಾಗಾಗಿ ಹಾಳೆಯಲ್ಲಿ ಇದಕ್ಕೆ ದೊಡ್ಡ ಜಾಗ ಬಿಡಬೇಕು.

ಹಾಡಿನ ನಡುಭಾಗದಲ್ಲಿ ರಿಫ್ ನಿಂತುಹೋಗಿ, ಡ್ರಮ್ಸ್‌ನ ತಾಳ ಹಿಡಿದುಕೊಂಡು, ಥೆರೆಮಿನ್ ಎಂಬ ವಿದ್ಯುತ್ ವಾದ್ಯದ ಊಳಿಡುವ ಧ್ವನಿಯೂ ಪ್ಲಾಂಟ್ ಅವರ ಉಸಿರು, ನರಳಾಟ, ಕೂಗುಗಳೂ ಎಡಗಿವಿಯಿಂದ ಬಲಗಿವಿಗೆ ಹರಿದಾಡುತ್ತವೆ. ಪೇಜ್ ಮತ್ತು ತಂತ್ರಜ್ಞ ಎಡ್ಡಿ ಕ್ರೇಮರ್ ಮಿಕ್ಸಿಂಗ್, ಅಂದರೆ ಬೇರೆ ಬೇರೆಯಾಗಿ ಮುದ್ರಿಸಿದ ಧ್ವನಿಗಳನ್ನು ಬೆರೆಸುವ ಕೆಲಸ, ಮಾಡುವಾಗ ಗುಂಡಿಗಳನ್ನು ಕೈಯಾರೆ ತಿರುಗಿಸುತ್ತಾ ಮೂಡಿಸಿದ ಪರಿಣಾಮ ಅದು. ಹಾಡು ನಾಲ್ಕನೇ ನಿಮಿಷ ದಾಟಿದ ಮೇಲೆ ವಾದ್ಯಗಳು ನಿಂತು ಪ್ಲಾಂಟ್ ಒಂಟಿಯಾಗಿ ಹಾಡುವ ಜಾಗದಲ್ಲಿ, ಅವರ ಪ್ರತಿಯೊಂದು ಕೂಗಿಗೂ ಕೊಂಚ ಮುಂಚೆ ಅದೇ ಕೂಗು ದೂರದಿಂದ ಮೆಲ್ಲಗೆ ಕೇಳಿಸುತ್ತದೆ. ಹಳೆಯ ಗಾಯನವೊಂದು ಟೇಪಿನಲ್ಲಿ ಪೂರ್ತಿ ಅಳಿಸಲಾಗದೆ ಸೋರಿಬಂದಿತ್ತು. ಅದನ್ನು ಮರೆಮಾಚುವ ಬದಲು ಪ್ರತಿಧ್ವನಿ ಸೇರಿಸಿ, ಉದ್ದೇಶಪೂರ್ವಕವೆಂಬಂತೆ ಉಳಿಸಿಕೊಂಡರು. ಇಂಥ ಕಡೆ ಬ್ಯಾಂಡಿಗೆ ಸ್ಟುಡಿಯೊವೂ ಒಂದು ವಾದ್ಯವಾಗಿದೆ. ಷಿಕಾಗೊದ ಹಿರಿಯರಿಂದ ಇದನ್ನು ಎರವಲು ತಂದಿರಲಿಲ್ಲ.

‘ದ ಲೆಮನ್ ಸಾಂಗ್’ನಲ್ಲಿ ಲೆಕ್ಕ ಬೇರೆ. ‘ಕಿಲ್ಲಿಂಗ್ ಫ್ಲೋರ್’ನ ರಿಫ್ ಮತ್ತು ಸಾಹಿತ್ಯ ಇಲ್ಲಿ ಮುಚ್ಚುಮರೆಯಿಲ್ಲದೆ ಇವೆ. ಹೌಲಿನ್ ವುಲ್ಫ್ ಅವರ ಚುರುಕು ಗತಿಯನ್ನು ತಗ್ಗಿಸಿ ಭಾರವಾಗಿಸಿದ್ದಾರೆ, ನಡುವೆ ಒಮ್ಮೆಲೇ ದುಪ್ಪಟ್ಟು ವೇಗಕ್ಕೆ ಜಿಗಿಯುತ್ತಾರೆ, ನಿಂಬೆಹಣ್ಣಿನ ಪೋಲಿ ರೂಪಕವನ್ನು ರಾಬರ್ಟ್ ಜಾನ್ಸನ್ ಅವರಿಂದ ತಂದಿದ್ದಾರೆ. ಈ ಹಾಡಿನಲ್ಲಿ ಗಿಟಾರನ್ನು ಬಿಟ್ಟು ಜಾನ್ ಪಾಲ್ ಜೋನ್ಸ್ ಅವರ ಬೇಸ್ ಅನ್ನು ಮಾತ್ರ ಹಿಂಬಾಲಿಸಿ ಒಮ್ಮೆ ಕೇಳುವಂತೆ ಸಲಹೆ ಮಾಡುತ್ತೇನೆ. ಗಾಯಕ ಮಾತಾಡಿದಂತೆ ಹಾಡುವ ನಿಧಾನದ ಭಾಗದಲ್ಲಿ ಬೇಸ್ ಒಂದೇ ಒಂದು ಸುತ್ತನ್ನೂ ಹಿಂದಿನಂತೆಯೇ ನುಡಿಸದೆ ಅಲೆದಾಡುತ್ತದೆ. ಆ ಭಾಗವಂತೂ ಅವರದೇ.

‘ಬ್ರಿಂಗ್ ಇಟ್ ಆನ್ ಹೋಮ್’ ಆಲ್ಬಮ್ಮಿನ ಕೊನೆಯ ಹಾಡು, ಈ ಕ್ರಮದ ಅಭ್ಯಾಸಕ್ಕೆ ಅತ್ಯುತ್ತಮ ಹಾಡು ಕೂಡ. ಮೊದಲ ಒಂದೂವರೆ ನಿಮಿಷ ಪ್ಲಾಂಟ್ ಹಾರ್ಮೋನಿಕಾ ನುಡಿಸುತ್ತಾ ಗಂಟಲು ಬಿಗಿಹಿಡಿದು ವಿಲಿಯಮ್ಸನ್ ಅವರನ್ನು ಅನುಕರಿಸುತ್ತಾರೆ. ಅನುಕರಣೆ ಎಷ್ಟು ನಿಷ್ಠೆಯದೆಂದರೆ ಸ್ವಲ್ಪ ಹಾಸ್ಯಾಸ್ಪದವೂ ಆಗಿದೆ. ಅನಂತರ ಪೇಜ್ ಅವರ ರಿಫ್ ನುಗ್ಗುತ್ತದೆ. ಅಲ್ಲಿಂದ ಮುಂದಿನ ಭಾಗಕ್ಕೂ ಮೂಲ ಹಾಡಿಗೂ ಸಂಬಂಧ ಬಹಳ ತೆಳುವು. ಕೊನೆಯಲ್ಲಿ ಮತ್ತೆ ಹಳೆಯ ನಿಧಾನಗತಿಗೆ ಮರಳಿ ಹಾಡು ಮುಗಿಯುತ್ತದೆ. ಹಾಳೆಯಲ್ಲಿ ಇದನ್ನು ಹೀಗೆ ಬರೆಯಬಹುದು: ‘ಎರಡು ತುದಿ ಡಿಕ್ಸನ್ ಅವರದು, ನಡುವಿನದು ಬ್ಯಾಂಡಿನದು, ಸೇರಿಸಿದ ಹೊಲಿಗೆ ಕಾಣುತ್ತದೆ, ಕಾಣಲೆಂದೇ ಬಿಟ್ಟಿದ್ದಾರೆ.’ ಇಂಥ ಒಂದು ಸಾಲಿನ ಟಿಪ್ಪಣಿ ಪ್ರತಿ ಹಾಡಿಗೂ ಸಿದ್ಧವಾದರೆ ಕೆಲಸದ ಬಹುಪಾಲು ಆದಂತೆಯೇ.

ಉಳಿದ ಹಾಡುಗಳಲ್ಲಿ ‘ಮೋಬಿ ಡಿಕ್’ ಅನ್ನು ಡ್ರಮ್ಸ್ ಪ್ರದರ್ಶನವೆಂದು ದಾಟಿಸಿಬಿಡುವವರೇ ಹೆಚ್ಚು. ಆದರೆ ಆರಂಭದ ರಿಫ್ ಹನ್ನೆರಡು ಬಾರ್‌ಗಳ ಚೌಕಟ್ಟಿನಲ್ಲೇ ಇದೆ, ಎಣಿಸಿ ನೋಡಬಹುದು. ‘ವಾಟ್ ಈಸ್ ಅಂಡ್ ವಾಟ್ ಶುಡ್ ನೆವರ್ ಬಿ’ ಮತ್ತು ‘ರ್‍ಯಾಂಬಲ್ ಆನ್’ ಎಂಬ ಎರಡು ಹಾಡುಗಳಲ್ಲಿ ಬ್ಲೂಸ್ ಚೌಕಟ್ಟು ಕಾಣದು. ಮೆಲುದನಿಯ ಚರಣ, ಅಬ್ಬರದ ಪಲ್ಲವಿ, ಮತ್ತೆ ಮೆಲುದನಿ ಎಂಬ ನೆರಳುಬೆಳಕಿನ ಜೋಡಣೆಯೇ ಅವುಗಳ ಆಧಾರ. ಮೊದಲ ಆಲ್ಬಮ್ಮಿನಲ್ಲೂ ಈ ಜೋಡಣೆ ಇತ್ತು, ಆದರೆ ಇಲ್ಲಿ ಅದು ಬ್ಯಾಂಡಿನ ಸ್ವಭಾವವೇ ಆಗಿದೆ.

ಸಮಯ ಮತ್ತು ಸ್ಥಳ ಕೇಳಿಸುವ ಬಗೆ

ಎರಡನೇ ಆಲ್ಬಂ ಯಾವ ಪರಿಸ್ಥಿತಿಯಲ್ಲಿ ತಯಾರಾಯಿತು ಎಂಬುದನ್ನು ಕೇಳಿದ ಮೇಲೆ ಓದಬೇಕೇ ಹೊರತು ಮೊದಲೇ ಅಲ್ಲ. ಓದಿದ್ದನ್ನೇ ಕೇಳಿಸಿಕೊಳ್ಳುವ ಸ್ವಭಾವ ಎಲ್ಲರಿಗೂ ಇದೆ. ಲೆಡ್ ಜೆಪ್ಲಿನ್‌ನ ಎರಡನೆಯದು 1969ರ ಅಕ್ಟೋಬರ್ 22ರಂದು ಅಮೆರಿಕದಲ್ಲಿ ಹೊರಬಂತು. ಮೊದಲನೆಯದು ಬಂದು ಹತ್ತು ತಿಂಗಳೂ ಆಗಿರಲಿಲ್ಲ. ಆ ಅವಧಿಯಲ್ಲಿ ಬ್ಯಾಂಡ್ ನಿರಂತರ ಪ್ರವಾಸದಲ್ಲಿದ್ದುದರಿಂದ ಲಂಡನ್, ಲಾಸ್ ಏಂಜಲೀಸ್, ನ್ಯೂಯಾರ್ಕ್ ಮುಂತಾದ ಊರುಗಳಲ್ಲಿ ಸಿಕ್ಕ ಸ್ಟುಡಿಯೊಗಳಲ್ಲಿ ತುಣುಕು ತುಣುಕಾಗಿ ಮುದ್ರಿಸಿದರು. ‘ಹಾರ್ಟ್‌ಬ್ರೇಕರ್’ನ ನಡುವೆ ಎಲ್ಲ ವಾದ್ಯಗಳೂ ನಿಂತು ಗಿಟಾರ್ ಮಾತ್ರ ಉಳಿಯುವ ಭಾಗವನ್ನು ಬೇರೆ ಸ್ಟುಡಿಯೊದಲ್ಲಿ ಮುದ್ರಿಸಿ ಆಮೇಲೆ ಸೇರಿಸಲಾಯಿತು. ಅದರ ಮುಂಚಿನ ಕ್ಷಣದ ಗಿಟಾರ್ ಧ್ವನಿಯನ್ನೂ ಸೋಲೊದ ಧ್ವನಿಯನ್ನೂ ಒಂದರ ಹಿಂದೊಂದು ಕೇಳಿದರೆ ಕೋಣೆ ಬದಲಾದದ್ದು ತಿಳಿಯುತ್ತದೆ. ಇಷ್ಟು ಚೆದುರಿದ ಕೆಲಸ ಒಂದೇ ಆಲ್ಬಂ ಎನಿಸುವಂತೆ ಕೂಡಿಕೊಂಡಿರುವುದಕ್ಕೆ ಪೇಜ್ ಅವರ ನಿರ್ಮಾಣ ಮತ್ತು ಕ್ರೇಮರ್ ಅವರ ಮಿಕ್ಸಿಂಗ್ ಕಾರಣ. 1969ರ ಡಿಸೆಂಬರ್‌ನಲ್ಲಿ ಇದು ಬೀಟಲ್ಸ್ ಬ್ಯಾಂಡಿನ ‘ಅಬ್ಬೆ ರೋಡ್’ ಅನ್ನು ಕೆಳಗಿಳಿಸಿ ಅಮೆರಿಕದ ಪಟ್ಟಿಯ ಮೊದಲ ಸ್ಥಾನಕ್ಕೇರಿತು.

ಇದಕ್ಕೆ ಪೂರ್ಣ ವಿರುದ್ಧವಾದ ಉದಾಹರಣೆ ದ ಬ್ಲ್ಯಾಕ್ ಕೀಸ್ ಅವರ ಎರಡನೇ ಆಲ್ಬಂ ‘ಥಿಕ್‌ಫ್ರೀಕ್‌ನೆಸ್’, 2003ರದ್ದು. ಒಂದು ಹಾಡನ್ನು ಬಿಟ್ಟು ಉಳಿದೆಲ್ಲವನ್ನೂ ಡ್ರಮ್ಸ್ ವಾದಕ ಪ್ಯಾಟ್ರಿಕ್ ಕಾರ್ನಿ ಅವರ ಮನೆಯ ನೆಲಮಾಳಿಗೆಯಲ್ಲಿ, 2002ರ ಡಿಸೆಂಬರ್‌ನ ಒಂದೇ ದಿನ, 14 ಗಂಟೆಗಳ ಒಂದೇ ಬೈಠಕ್ಕಿನಲ್ಲಿ, ಎಂಟು ಟ್ರ್ಯಾಕ್‌ಗಳ ಹಳೆಯ ಟೇಪ್ ಯಂತ್ರದಲ್ಲಿ ಮುದ್ರಿಸಿದರು. ಒಂದು ಗಿಟಾರ್, ಒಂದು ಡ್ರಮ್ಸ್, ಒಂದು ಕಂಠ, ಬೇಸ್ ವಾದಕನಿಲ್ಲ. ಇಲ್ಲಿ ಕೇಳಬೇಕಾದದ್ದು ಕೋಣೆಯನ್ನೇ: ತಾಳದ ತಟ್ಟೆಗಳ ಮೊಳಗು ಗೋಡೆಗೆ ಬಡಿದು ಒಡೆಯುವುದು, ಗಿಟಾರ್ ಧ್ವನಿ ಸೀಳಿ ಬೇಸ್‌ನ ಜಾಗವನ್ನೂ ಆಕ್ರಮಿಸುವುದು. ಕಿಂಬ್ರೊ ಅವರ ಹಾಡೊಂದು ಇದರಲ್ಲೂ ಇದೆ. ಅದರ ಪಕ್ಕದಲ್ಲಿ ಬ್ಯಾಂಡಿನ ಸ್ವಂತ ಹಾಡುಗಳು ಪರಕೀಯವೆನಿಸುವುದಿಲ್ಲ ಎಂಬುದೇ ಈ ಆಲ್ಬಮ್ಮಿನ ಸಾಧನೆ.

ಹೆಸರು ಅಚ್ಚಾಗುವ ಪ್ರಶ್ನೆ

ಎರಡೂ ಆಲ್ಬಮ್ಮುಗಳ ರಚನಕಾರರ ಪಟ್ಟಿಯನ್ನು ಅಕ್ಕಪಕ್ಕ ಇಟ್ಟಾಗ ಲೆಡ್ ಜೆಪ್ಲಿನ್ ವಿಷಯದಲ್ಲಿ ಒಂದು ಕಹಿ ಸಂಗತಿ ಎದುರಾಗುತ್ತದೆ. ಮೊದಲ ಆಲ್ಬಮ್ಮಿನಲ್ಲಿ ಡಿಕ್ಸನ್ ಅವರ ಹೆಸರನ್ನು ಕೊಟ್ಟವರು, ಎರಡನೆಯದು ಬಿಡುಗಡೆಯಾದಾಗ ‘ಹೋಲ್ ಲಾಟ್ಟಾ ಲವ್’ಗೂ ‘ಬ್ರಿಂಗ್ ಇಟ್ ಆನ್ ಹೋಮ್’ಗೂ ತಮ್ಮ ಹೆಸರನ್ನಷ್ಟೇ ಹಾಕಿಕೊಂಡರು. ‘ದ ಲೆಮನ್ ಸಾಂಗ್’ನಲ್ಲೂ ಹಾಗೆಯೇ. ಚೆಸ್ ಹಾಡುಗಳ ಪ್ರಕಾಶನ ಸಂಸ್ಥೆಯಾದ ಆರ್ಕ್ ಮ್ಯೂಸಿಕ್ ಎಪ್ಪತ್ತರ ದಶಕದ ಮೊದಲಲ್ಲಿ ತಕರಾರು ಎತ್ತಿತು, ಒಪ್ಪಂದವಾಯಿತು. ಹೌಲಿನ್ ವುಲ್ಫ್ ಅವರ ನಿಜನಾಮವಾದ ಚೆಸ್ಟರ್ ಬರ್ನೆಟ್ ಎಂಬ ಹೆಸರು ಮುಂದೆ ‘ದ ಲೆಮನ್ ಸಾಂಗ್’ಗೆ ಸೇರಿತು. ‘ಹೋಲ್ ಲಾಟ್ಟಾ ಲವ್’ ಬಗ್ಗೆ ಡಿಕ್ಸನ್ 1985ರಲ್ಲಿ ದಾವೆ ಹೂಡಿದರು. ಅದು 1987ರಲ್ಲಿ ನ್ಯಾಯಾಲಯದ ಹೊರಗೆ ಇತ್ಯರ್ಥವಾಗಿ, ಈಗಿನ ಮುದ್ರಣಗಳಲ್ಲಿ ಅವರ ಹೆಸರೂ ಇದೆ.

ಸಾಲುಗಳನ್ನು ಒಬ್ಬರಿಂದೊಬ್ಬರು ಎತ್ತಿಕೊಳ್ಳುವುದು ಬ್ಲೂಸ್‌ನ ಹಳೆಯ ರೂಢಿಯೆಂದು ಬ್ಯಾಂಡಿನ ಪರ ವಾದಿಸುವವರಿದ್ದಾರೆ. ರೂಢಿ ನಿಜ. ಆದರೆ ಒಂದು ಊರಿನಿಂದ ಇನ್ನೊಂದು ಊರಿಗೆ ಹಾಡಿಕೊಂಡು ಹೋಗುತ್ತಿದ್ದ ಕಲಾವಿದರ ನಡುವಿನ ಕೊಡುಕೊಳ್ಳುವಿಕೆಯೂ, ಲಕ್ಷಾಂತರ ಪ್ರತಿ ಮಾರಾಟವಾಗುವ ಎಲ್‌ಪಿಯ ಲೇಬಲ್ಲಿನ ಮೇಲೆ ಜೀವಂತ ರಚನಕಾರನ ಹೆಸರನ್ನು ಬಿಡುವುದೂ ಒಂದೇ ಅಲ್ಲ. ಲೇಬಲ್ಲಿನ ಮೇಲಿನ ಹೆಸರಿನ ಹಿಂದೆ ಹಣ ಹೋಗುತ್ತದೆ. ಸಂಗೀತವಾಗಿ ‘ಹೋಲ್ ಲಾಟ್ಟಾ ಲವ್’ ಹೊಸದೆಂದು ಒಪ್ಪುತ್ತಲೇ ಹೆಸರು ಬಿಟ್ಟದ್ದು ತಪ್ಪೆಂದು ಹೇಳಲು ಸಾಧ್ಯವಿದೆ. ಹಾಳೆಯಲ್ಲಿ ಇವೆರಡಕ್ಕೂ ಬೇರೆ ಬೇರೆ ಕಲಮುಗಳನ್ನು ಇಡುವುದು ಸರಿ, ಒಂದರ ಕೋಪ ಇನ್ನೊಂದರ ಅಂಕಕ್ಕೆ ತಗಲಬಾರದು.

ಬೇರೆ ಬ್ಯಾಂಡುಗಳಿಗೆ ಅನ್ವಯಿಸುವಾಗ

ಇದೇ ಕ್ರಮವನ್ನು ಇತರ ಬ್ಯಾಂಡುಗಳ ಮೇಲೆ ಪ್ರಯೋಗಿಸಿದಾಗ ಉತ್ತರಗಳು ಬೇರೆಯಾಗುತ್ತವೆ. ಕ್ರೀಮ್ ಬ್ಯಾಂಡಿನ 1966ರ ಮೊದಲ ಆಲ್ಬಮ್ಮಿನಲ್ಲಿ ಹಳೆಯ ಬ್ಲೂಸ್ ಹಾಡುಗಳು ಸಾಲಾಗಿ ಇವೆ. ನ್ಯೂಯಾರ್ಕಿನ ಅಟ್ಲಾಂಟಿಕ್ ಸ್ಟುಡಿಯೊದಲ್ಲಿ 1967ರ ಮೇ ತಿಂಗಳ ಕೆಲವೇ ದಿನಗಳಲ್ಲಿ ಮುದ್ರಿಸಿದ ‘ಡಿಸ್ರೇಲಿ ಗಿಯರ್ಸ್’ನಲ್ಲಿ ಅವು ಹೆಚ್ಚುಕಡಿಮೆ ಮಾಯವಾಗಿವೆ. ಅದರ ಮೊದಲ ಹಾಡು ‘ಸ್ಟ್ರೇಂಜ್ ಬ್ರೂ’ ಇನ್ನೂ ಸ್ವಾರಸ್ಯಕರ: ಬ್ಯಾಂಡ್ ಮುದ್ರಿಸಿದ್ದ ‘ಲಾಡಿ ಮಾಮಾ’ ಎಂಬ ಹಳೆಯ ಬ್ಲೂಸ್ ಹಾಡಿನ ವಾದ್ಯಭಾಗವನ್ನು ಇಟ್ಟುಕೊಂಡು, ನಿರ್ಮಾಪಕ ಫೆಲಿಕ್ಸ್ ಪಪ್ಪಲಾರ್ಡಿ ಅದರ ಮೇಲೆ ಹೊಸ ಹಾಡನ್ನೇ ಕಟ್ಟಿದರು. ಚೌಕಟ್ಟನ್ನು ಎಣಿಸಿದರೆ ಅಡಿಯಲ್ಲಿ ಬ್ಲೂಸ್ ಹಾಗೆಯೇ ಕುಳಿತಿರುವುದು ಕಾಣುತ್ತದೆ.

ಪಾಲ್ ಬಟರ್‌ಫೀಲ್ಡ್ ಬ್ಲೂಸ್ ಬ್ಯಾಂಡಿನ ಎರಡನೇ ಆಲ್ಬಂ ‘ಈಸ್ಟ್-ವೆಸ್ಟ್’ 1966ರದ್ದು. ಇದರ ಶೀರ್ಷಿಕೆ ರಚನೆ ಸುಮಾರು 13 ನಿಮಿಷದ ವಾದ್ಯಸಂಗೀತ. ಮೈಕ್ ಬ್ಲೂಮ್‌ಫೀಲ್ಡ್ ಭಾರತೀಯ ರಾಗಸಂಗೀತದಿಂದ ಪ್ರಭಾವಿತರಾಗಿ, ಕಾರ್ಡ್‌ಗಳ ಓಡಾಟವನ್ನು ಕೈಬಿಟ್ಟು, ಒಂದೇ ಆಧಾರ ಸ್ವರದ ಮೇಲೆ ಗಿಟಾರ್ ಬೆಳೆಸುತ್ತಾ ಹೋಗುತ್ತಾರೆ. ಷಿಕಾಗೊ ಕ್ಲಬ್ಬುಗಳಲ್ಲಿ ಕಲಿತ ಬ್ಯಾಂಡ್ ಹನ್ನೆರಡು ಬಾರ್‌ಗಳಿಂದ ಹೊರಗೆ ಕಾಲಿಟ್ಟ ಈ ಹೆಜ್ಜೆಯನ್ನು ರಾಗದ ಅಳತೆಗೋಲಿನಿಂದ ಅಳೆಯಹೊರಟರೆ ನಿರಾಸೆಯಾಗುತ್ತದೆ. ಆಧಾರ ಶ್ರುತಿಯ ಮೇಲೆ ಬ್ಲೂಸ್‌ನ ಗಾಂಧಾರ ಹೇಗೆ ವರ್ತಿಸುತ್ತದೆ ಎಂದು ಗಮನಿಸುವುದು ಲೇಸು.

ಫ್ಲೀಟ್‌ವುಡ್ ಮ್ಯಾಕ್ ಬ್ಯಾಂಡಿನ ಎರಡನೆಯದಾದ ‘ಮಿಸ್ಟರ್ ವಂಡರ್‌ಫುಲ್’, 1968ರದ್ದು, ಮುಂದಕ್ಕೆ ಹೋಗದ ಆಲ್ಬಮ್ಮಿಗೆ ಉದಾಹರಣೆ. ಸ್ಯಾಕ್ಸೊಫೋನುಗಳನ್ನು ಸೇರಿಸಿಕೊಂಡರೂ, ಬ್ಲೂಸ್ ಗಿಟಾರ್ ವಾದಕ ಎಲ್ಮೋರ್ ಜೇಮ್ಸ್ ಅವರ ಪ್ರಸಿದ್ಧ ಸ್ಲೈಡ್ (ತಂತಿಯ ಮೇಲೆ ಕೊಳವೆ ಜಾರಿಸಿ ನುಡಿಸುವ) ರಿಫ್‌ನಿಂದಲೇ ನಾಲ್ಕು ಹಾಡುಗಳು ಶುರುವಾಗುತ್ತವೆ. ಒಂದು ಹಾಡಾಗಿ ಕೇಳಿದಾಗ ಖುಷಿ ಕೊಡುವ ಆ ರಿಫ್ ನಾಲ್ಕನೆಯ ಸಲಕ್ಕೆ ಬೇಸರ ತರಿಸುತ್ತದೆ. ಆದರೂ ತಳ್ಳಿಹಾಕುವ ಮುನ್ನ ಪೀಟರ್ ಗ್ರೀನ್ ಹಾಡುವ, ನುಡಿಸುವ ನಿಧಾನಗತಿಯ ಹಾಡುಗಳನ್ನು ಬೇರೆಯಾಗಿ ಕೇಳಬೇಕು. ಅವರ ಗಿಟಾರ್ ಒಂದು ಸ್ವರ ನುಡಿಸಿ ಮುಂದಿನದಕ್ಕೆ ಅವಸರಿಸದೆ ನಿಲ್ಲುತ್ತದೆ. ಅದೇ ವರ್ಷದ ಕೊನೆಯಲ್ಲಿ ಅವರು ಹೊರತಂದ ‘ಆಲ್ಬಟ್ರಾಸ್’ ಎಂಬ ವಾದ್ಯರಚನೆಯ ಸುಳಿವು ಅಲ್ಲಿದೆ.

ಟಿಪ್ಪಣಿಗಳು ಸಿದ್ಧವಾದ ಮೇಲೆ ಅವುಗಳನ್ನು ಪರೀಕ್ಷಿಸಲು ಒಂದು ಉಪಾಯವಿದೆ: ಮೂರನೇ ಆಲ್ಬಮ್ಮನ್ನು ಕೇಳುವ ಮೊದಲೇ, ಬ್ಯಾಂಡ್ ಮುಂದೆ ಎತ್ತ ಹೋಗಬಹುದೆಂದು ಎರಡನೆಯದರ ಆಧಾರದಿಂದ ಎರಡು ಸಾಲು ಬರೆದಿಡುವುದು. ಲೆಡ್ ಜೆಪ್ಲಿನ್‌ನ ಮೂರನೆಯದು 1970ರ ಅಕ್ಟೋಬರ್‌ನಲ್ಲಿ ಬಂದಾಗ ಅದರ ಎರಡನೇ ಬದಿಯ ತುಂಬ ಅಕೂಸ್ಟಿಕ್ ಗಿಟಾರ್ ಮತ್ತು ಜಾನಪದ ಧಾಟಿಯ ಹಾಡುಗಳಿರುವುದನ್ನು ಕಂಡು ಹಲವು ವಿಮರ್ಶಕರು ತಬ್ಬಿಬ್ಬಾದರು. ‘ಥ್ಯಾಂಕ್ ಯೂ’ ಮತ್ತು ‘ರ್‍ಯಾಂಬಲ್ ಆನ್’ ಮುಂದೆ ನಿಮ್ಮ ಹಾಳೆಯಲ್ಲಿ ಏನಾದರೂ ಬರೆದಿದ್ದರೆ, ಅದನ್ನು ಆ ಬದಿಯ ಪಕ್ಕದಲ್ಲಿಟ್ಟು ಓದಬಹುದು. ಆ ಎರಡು ಹಾಡುಗಳ ಮುಂದಿನ ಜಾಗ ಖಾಲಿಯಾಗಿದ್ದರೆ ಎರಡನೇ ಆಲ್ಬಮ್ಮನ್ನು ಇನ್ನೊಮ್ಮೆ, ಈ ಸಲ ರಿಫ್‌ಗಳನ್ನು ಬಿಟ್ಟು ಅವುಗಳ ನಡುವಿನ ಮೆಲುದನಿಯ ಭಾಗಗಳಿಗಾಗಿ, ಕೇಳಬೇಕಾಗುತ್ತದೆ.